ಮುಖವಾಡ, ಕಂಪನಿ, ಟ್ರಸ್ಟ್, ಸರ್ಕಾರಿ ನೇಮಕ: ಬೆಂಗಳೂರಿನ ಸೂಪರ್‌ಹೀರೋ ಯಾವ ದಾರಿ ಹಿಡಿಯಬೇಕು?

ಒಂದು ಸಂಜೆ ನಗರ್ತಪೇಟೆಯ ಚಿನ್ನದ ಅಂಗಡಿಯೊಂದನ್ನು ದೋಚಿದ ಇಬ್ಬರು ಬೈಕಿನಲ್ಲಿ ಅವೆನ್ಯೂ ರಸ್ತೆಗೆ ನುಗ್ಗುತ್ತಾರೆ ಎಂದುಕೊಳ್ಳೋಣ. ಮುಖವಾಡ ತೊಟ್ಟ, ಅಸಾಧಾರಣ ಬಲವುಳ್ಳ ಒಬ್ಬ ವ್ಯಕ್ತಿ ಅಲ್ಲಿ ನಿಂತಿದ್ದ ಖಾಲಿ ಆಟೋರಿಕ್ಷಾವನ್ನು ಎತ್ತಿ ಅವರ ದಾರಿಗೆ ಅಡ್ಡಲಾಗಿ ಎಸೆಯುತ್ತಾನೆ. ಕಳ್ಳರು ಸಿಕ್ಕಿಬೀಳುತ್ತಾರೆ, ಚಿನ್ನ ಅದರ ಮಾಲೀಕರಿಗೆ ಮರಳುತ್ತದೆ. ಆದರೆ ಆಟೋ ಉರುಳಿಕೊಂಡು ಹೋಗಿ ಪಠ್ಯಪುಸ್ತಕದ ಅಂಗಡಿಯೊಂದರ ಷಟರ್ ಮುರಿದು ಒಳನುಗ್ಗುತ್ತದೆ, ದಾರಿಯಲ್ಲಿ ಹೋಗುತ್ತಿದ್ದ ಮಹಿಳೆಯೊಬ್ಬರ ಕಾಲು ಮುರಿಯುತ್ತದೆ, ಬೆಸ್ಕಾಂನ ಟ್ರಾನ್ಸ್‌ಫಾರ್ಮರ್ ಹೊತ್ತಿಕೊಳ್ಳುತ್ತದೆ. ಕಾಮಿಕ್ಸ್‌ನಲ್ಲಾದರೆ ಪುಟ ತಿರುವಿದೊಡನೆ ಕಥೆ ಬೇರೆ ಕಡೆಗೆ ಹೊರಳುತ್ತದೆ. ಪುಸ್ತಕದ ಅಂಗಡಿಯವರ ಕಥೆಯಾದರೋ ಅಲ್ಲಿಂದಲೇ ಶುರುವಾಗುತ್ತದೆ.

ನಷ್ಟದ ಹೊಣೆ ಯಾರದು ಎಂಬ ಪ್ರಶ್ನೆ ಕಾಮಿಕ್ಸ್ ಲೋಕಕ್ಕೆ ಹೊಸದೇನಲ್ಲ. ಹೀರೋಗಳ ಕಾದಾಟದಲ್ಲಿ ಕುಸಿದ ಕಟ್ಟಡಗಳನ್ನು ದುರಸ್ತಿ ಮಾಡುವುದನ್ನೇ ಕಸುಬಾಗಿಸಿಕೊಂಡ 'ಡ್ಯಾಮೇಜ್ ಕಂಟ್ರೋಲ್' ಎಂಬ ಕಂಪನಿಯನ್ನು ಮಾರ್ವೆಲ್ 1980ರ ದಶಕದ ಕೊನೆಯಲ್ಲಿಯೇ ಕಲ್ಪಿಸಿಕೊಂಡಿತ್ತು. 2006-07ರ 'ಸಿವಿಲ್ ವಾರ್' ಕಥಾಸರಣಿಯಲ್ಲಿ, ಕನೆಕ್ಟಿಕಟ್‌ನ ಸ್ಟ್ಯಾಮ್‌ಫರ್ಡ್ ಪಟ್ಟಣದಲ್ಲಿ ಜನ ಸತ್ತ ನಂತರ, ಹೀರೋಗಳೆಲ್ಲ ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ಕಾನೂನು ಬಂದು ಅವರೊಳಗೇ ಎರಡು ಬಣಗಳಾಗುತ್ತವೆ. ಹೀರೋಗಳು ಕೆಲಸ ಮಾಡಿದ ಬಗೆಗಳೂ ಹಲವು. ಸ್ಪೈಡರ್‌ಮ್ಯಾನ್ ಹೆಸರು ಮುಚ್ಚಿಟ್ಟುಕೊಂಡು ಒಂಟಿಯಾಗಿ ದುಡಿದ. 1972ರಲ್ಲಿ ಬಂದ ಲ್ಯೂಕ್ ಕೇಜ್ ತನ್ನ ಬಲವನ್ನು ಬಾಡಿಗೆಗೆ ಕೊಟ್ಟ. ಅವೆಂಜರ್ಸ್ ತಂಡದ ಖರ್ಚನ್ನು ಮರಿಯಾ ಸ್ಟಾರ್ಕ್ ಪ್ರತಿಷ್ಠಾನವೆಂಬ ಲಾಭರಹಿತ ಸಂಸ್ಥೆ ಹೊತ್ತಿತು. ನಮ್ಮ ದೇಶದ ರಾಜ್ ಕಾಮಿಕ್ಸ್‌ನ ಸೂಪರ್ ಕಮಾಂಡೋ ಧ್ರುವ ಸರ್ಕಾರದ ಮನ್ನಣೆ ಪಡೆದ ದಳವೊಂದನ್ನು ಕಟ್ಟಿದ. ಈ ನಾಲ್ಕು ಮಾದರಿಗಳನ್ನು ಬೆಂಗಳೂರಿಗೆ ತಂದು, ಇಲ್ಲಿ ಜಾರಿಯಲ್ಲಿರುವ ಕಾನೂನಿನ ಮುಂದೆ ನಿಲ್ಲಿಸಿ ನೋಡುವುದು ಈ ಬರಹದ ಕೆಲಸ.

ನಾನು ಅಳೆಯುವ ಕೋಲನ್ನು ಮೊದಲೇ ಹೇಳಿಬಿಡುತ್ತೇನೆ. ಹೀರೋಗೆ ಎಷ್ಟು ರಕ್ಷಣೆ ಸಿಗುತ್ತದೆ ಎಂಬುದೊಂದನ್ನೇ ನೋಡಿ ದಾರಿ ಆರಿಸಿಕೊಳ್ಳುವುದು ತಪ್ಪು. ಕಾಲು ಮುರಿದುಕೊಂಡ ಆ ಮಹಿಳೆಗೆ ನೋಟಿಸ್ ಕಳುಹಿಸಲು ಒಂದು ಹೆಸರು ಮತ್ತು ವಿಳಾಸ ಬೇಕು. ಗೆದ್ದ ಡಿಕ್ರಿಯ ಹಣ ವಸೂಲಾಗಲು ಯಾರದಾದರೂ ಗಂಟು ಇರಬೇಕು. ಇವೆರಡನ್ನೂ ಒದಗಿಸುವ ದಾರಿಯೇ ಒಳ್ಳೆಯ ದಾರಿ.

ಯಾವ ದಾರಿ ಹಿಡಿದರೂ ಬದಲಾಗದ ಸಂಗತಿಗಳು

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಖಾಸಗಿ ರಕ್ಷಣೆಯ ಹಕ್ಕು 34ರಿಂದ 44ರವರೆಗಿನ ಕಲಂಗಳಲ್ಲಿದೆ. ಈ ಹಕ್ಕು ತನ್ನ ಮೈ ಮತ್ತು ಸ್ವತ್ತಿಗಷ್ಟೇ ಸೀಮಿತವಲ್ಲ, ಬೇರೆಯವರ ಮೈ ಮತ್ತು ಸ್ವತ್ತನ್ನು ಕಾಪಾಡುವುದಕ್ಕೂ ಇದೆ. ಸೂಪರ್‌ಹೀರೋ ಎಂಬ ಕಲ್ಪನೆಗೆ ನಮ್ಮ ಕಾನೂನಿನಲ್ಲಿ ಇರುವ ತಳಪಾಯ ಇದೇ. ಆದರೆ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡಕೂಡದು ಎಂದು 37ನೇ ಕಲಂ ಕಟ್ಟು ಹಾಕುತ್ತದೆ. ಬೈಕ್ ಸವಾರರನ್ನು ಕೈಯಿಂದಲೇ ಹಿಡಿದು ನಿಲ್ಲಿಸುವ ಶಕ್ತಿಯುಳ್ಳವನು ಆಟೋ ಎಸೆದದ್ದೇಕೆ ಎಂಬ ಪ್ರಶ್ನೆಗೆ ಆತ ಉತ್ತರ ಕೊಡಬೇಕಾಗುತ್ತದೆ, ಮತ್ತು ಶಕ್ತಿ ಹೆಚ್ಚಾದಷ್ಟೂ ಆ ಉತ್ತರ ಕಷ್ಟವಾಗುತ್ತದೆ, ಏಕೆಂದರೆ ಕಡಿಮೆ ಹಾನಿಯ ಮಾರ್ಗಗಳು ಆತನಿಗೆ ನಮ್ಮ ನಿಮಗಿಂತ ಹೆಚ್ಚು ಲಭ್ಯ.

ಅಮಾಯಕರಿಗೆ ಅಪಾಯ ತಟ್ಟುವ ಸಂದರ್ಭವನ್ನು 44ನೇ ಕಲಂ ನೇರವಾಗಿ ಎತ್ತಿಕೊಳ್ಳುತ್ತದೆ. ಸಾವಿನ ಭಯ ಹುಟ್ಟಿಸುವ ಹಲ್ಲೆ ನಡೆಯುತ್ತಿದ್ದು, ನಿರಪರಾಧಿಗೆ ಹಾನಿಯಾಗುವ ಅಪಾಯವಿಲ್ಲದೆ ಅದನ್ನು ತಡೆಯಲು ಸಾಧ್ಯವೇ ಇಲ್ಲವಾದರೆ, ಆ ಅಪಾಯವಿದ್ದರೂ ಹಲ್ಲೆಯನ್ನು ತಡೆಯಲು ಅನುಮತಿಯಿದೆ. ಚಿನ್ನ ಕದ್ದು ಓಡಿಹೋಗುತ್ತಿರುವವರನ್ನು ತಡೆಯುವುದಕ್ಕೆ ಈ ಕಲಂ ನೆರವಿಗೆ ಬರುವುದಿಲ್ಲ. ಇನ್ನು 19ನೇ ಕಲಂ, ದೊಡ್ಡ ಹಾನಿಯನ್ನು ತಪ್ಪಿಸಲು ಸದ್ಭಾವನೆಯಿಂದ ಮಾಡಿದ ಸಣ್ಣ ಹಾನಿಯನ್ನು ಅಪರಾಧವಲ್ಲವೆನ್ನುತ್ತದೆ. ಬೆಂಕಿ ಹರಡದಂತೆ ಮನೆಗಳನ್ನು ಕೆಡವಿದವನ ಉದಾಹರಣೆ ಅದರಡಿಯಲ್ಲೇ ಇದೆ. ಕಾಮಿಕ್ಸ್‌ನ ಬಹುಪಾಲು ಸಾಹಸಗಳು ಈ ಉದಾಹರಣೆಯ ಹತ್ತಿರ ಬಂದು ನಿಲ್ಲುತ್ತವೆ.

ಇವೆಲ್ಲ ಆತನನ್ನು ಜೈಲಿನಿಂದ ಉಳಿಸುವ ವಾದಗಳು ಎಂಬುದನ್ನು ಮರೆಯಬಾರದು. ಅಪರಾಧವಲ್ಲ ಎಂದ ಮಾತ್ರಕ್ಕೆ ಸಿವಿಲ್ ನ್ಯಾಯಾಲಯದ ನಷ್ಟ ಪರಿಹಾರದ ದಾವೆ ತಾನಾಗಿ ಬಿದ್ದುಹೋಗುವುದಿಲ್ಲ. ಅಲ್ಲಿ ನಿರ್ಲಕ್ಷ್ಯದ ಪ್ರಶ್ನೆ ಬೇರೆಯಾಗಿಯೇ ವಿಚಾರಣೆಗೆ ಬರುತ್ತದೆ.

ಹಿಡಿದ ಕಳ್ಳನನ್ನು ಏನು ಮಾಡಬೇಕೆಂಬುದಕ್ಕೂ ನಿಯಮವಿದೆ. ತನ್ನ ಕಣ್ಣೆದುರಿನಲ್ಲೇ ಜಾಮೀನುರಹಿತ ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧ ಮಾಡಿದವನನ್ನು ಯಾವ ನಾಗರಿಕನಾದರೂ ಬಂಧಿಸಬಹುದು, ಆದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಹೇಳುತ್ತದೆ. ದೀಪದ ಕಂಬಕ್ಕೆ ಕಟ್ಟಿಹಾಕಿ ಚೀಟಿ ಅಂಟಿಸಿ ಹಾರಿಹೋಗುವುದು ಒಪ್ಪಿಸಿದಂತಾಗುವುದಿಲ್ಲ. ಕಾನೂನುಬಾಹಿರ ಬಂಧನಕ್ಕಾಗಿ ಕಳ್ಳನೂ ಒಂದು ವರ್ಷದೊಳಗೆ ದಾವೆ ಹೂಡಬಹುದು.

ಮೊದಲನೆಯ ದಾರಿ: ಮುಖವಾಡ

ಹೆಸರಿಲ್ಲದೆ ಒಂಟಿಯಾಗಿ ಕೆಲಸ ಮಾಡುವುದು ಎಲ್ಲಕ್ಕಿಂತ ಸುಲಭವಾಗಿ ಕಾಣುತ್ತದೆ. ನೋಂದಣಿಯಿಲ್ಲ, ಲೆಕ್ಕಪತ್ರವಿಲ್ಲ. ಈ ಸುಲಭದ ಬೆಲೆಯನ್ನು ಪೂರ್ತಿಯಾಗಿ ತೆರುವವರು ಬೇರೆಯವರು.

ಪುಸ್ತಕದ ಅಂಗಡಿಯವರು ದಾವೆ ಹೂಡಲು ಹೊರಟರೆ ಪ್ರತಿವಾದಿಯ ಹೆಸರಿನ ಜಾಗ ಖಾಲಿ. ಗುರುತು ಸಿಗದ ಪ್ರತಿವಾದಿಗಳ ವಿರುದ್ಧ 'ಅಶೋಕ್ ಕುಮಾರ್' ಎಂಬ ಕಾಲ್ಪನಿಕ ಹೆಸರಿನಲ್ಲಿ ಆದೇಶ ಪಡೆಯುವ ಪದ್ಧತಿ ನಮ್ಮಲ್ಲಿದೆ. 2002ರಲ್ಲಿ ದೆಹಲಿ ಹೈಕೋರ್ಟ್ ಕೇಬಲ್ ಪ್ರಸಾರದ ಪ್ರಕರಣವೊಂದರಲ್ಲಿ ಇಂಥ ಆದೇಶ ನೀಡಿತು. ಕದ್ದು ಪ್ರಸಾರ ಮಾಡುವುದನ್ನು ತಡೆಯಲು ಅದು ಸಾಕು. ಆದರೆ ಹಣದ ಡಿಕ್ರಿಯನ್ನು ಅಶೋಕ್ ಕುಮಾರನಿಂದ ವಸೂಲು ಮಾಡಲಾಗದು.

ಆ ಮಹಿಳೆಗೆ ಇನ್ನೊಂದು ಬಾಗಿಲಿದೆ. ಆಟೋರಿಕ್ಷಾಕ್ಕೆ ಕಡ್ಡಾಯ ಮೂರನೆಯ ವ್ಯಕ್ತಿಯ ವಿಮೆ ಇರಲೇಬೇಕಾದ್ದರಿಂದ, ಅವರು ಆರು ತಿಂಗಳೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಕೆಲಸವನ್ನೂ ನೋಡಿಕೊಳ್ಳುವ ಬೆಂಗಳೂರಿನ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಅರ್ಜಿ ಹಾಕಬಹುದು. ಚಾಲಕನಿಲ್ಲದ, ಎಂಜಿನ್ ಆರಿಸಿದ, ಎತ್ತಿ ಎಸೆಯಲಾದ ವಾಹನದಿಂದ ಆದ ಗಾಯ 'ವಾಹನದ ಬಳಕೆಯಿಂದ ಉಂಟಾದ ಅಪಘಾತ'ವೇ ಎಂಬುದು ಅಲ್ಲಿ ವಾದದ ತಿರುಳಾಗುತ್ತದೆ. ಡಿಕ್ಕಿಯಾಗಿ ಮಗುಚಿ ಬಿದ್ದಿದ್ದ ಪೆಟ್ರೋಲ್ ಟ್ಯಾಂಕರ್ ಸ್ಫೋಟಗೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ 'ಬಳಕೆ' ಎಂಬ ಮಾತಿಗೆ ವಿಶಾಲವಾದ ಅರ್ಥ ಕೊಟ್ಟಿದೆ. ಆದರೆ ಅಲ್ಲಿ ವಾಹನ ವಾಹನವಾಗಿಯೇ ಇತ್ತು, ಇಲ್ಲಿ ಅದು ಕಲ್ಲಿನಂತೆ ಬಳಕೆಯಾಗಿದೆ. ವಿಮಾ ಕಂಪನಿ ಈ ವ್ಯತ್ಯಾಸವನ್ನು ಬಿಟ್ಟುಕೊಡುವುದಿಲ್ಲ. ಅಲ್ಲದೆ ಹೀಗೆ ಹಣ ಸಿಕ್ಕರೂ, ಯಾವ ತಪ್ಪನ್ನೂ ಮಾಡದ ಆಟೋ ಮಾಲೀಕರ ಪಾಲಿಸಿಯ ಮೇಲೆ ಹೀರೋನ ಹೊರೆ ಬಿದ್ದಂತಾಗುತ್ತದೆ.

ಮುಖವಾಡದ ಹಣಕಾಸು ಹೀರೋಗೂ ಒಗ್ಗುವುದಿಲ್ಲ. 1963ರಲ್ಲಿ ಬಂದ ಸ್ಪೈಡರ್‌ಮ್ಯಾನ್ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ಆತ ತನ್ನ ವೇಷದ ಹೆಸರಿಗೆ ಬರೆದ ಚೆಕ್ ಹಿಡಿದು ಬ್ಯಾಂಕಿಗೆ ಹೋಗುತ್ತಾನೆ, ಗುರುತಿನ ದಾಖಲೆಯಿಲ್ಲವೆಂದು ಗುಮಾಸ್ತ ಹಣ ಕೊಡುವುದಿಲ್ಲ. ಗುರುತು ಮತ್ತು ವಿಳಾಸದ ದಾಖಲೆಯಿಲ್ಲದೆ ಖಾತೆಯೇ ತೆರೆಯದ ನಮ್ಮೂರಿನಲ್ಲಿ ಆ ದೃಶ್ಯ ಇನ್ನೂ ಬೇಗ ಮುಗಿಯುತ್ತಿತ್ತು. ಚಿನ್ನದ ಅಂಗಡಿಯವರು ಕೃತಜ್ಞತೆಯಿಂದ ನಗದು ಕೊಟ್ಟರೂ, ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ಮೀರಿ ಬಂದ ಉಡುಗೊರೆ ಪೂರ್ತಿಯಾಗಿ ತೆರಿಗೆಗೆ ಒಳಪಡುತ್ತದೆ.

ಮುಖವಾಡಕ್ಕೆ ಕಾನೂನು ಗೌರವ ಕೊಡುವ ಜಾಗ ಒಂದಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಂ, ರಸ್ತೆ ಅಪಘಾತದ ಸಂತ್ರಸ್ತರಿಗೆ ಸದ್ಭಾವನೆಯಿಂದ ತುರ್ತು ನೆರವು ನೀಡಿದವರನ್ನು, ಆ ನೆರವಿನಲ್ಲಿ ಆದ ನಿರ್ಲಕ್ಷ್ಯಕ್ಕಾಗಿ ಸಿವಿಲ್ ಮತ್ತು ಕ್ರಿಮಿನಲ್ ಹೊಣೆಯಿಂದ ಮುಕ್ತಗೊಳಿಸಿದೆ. ಅವರು ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ. ಕರ್ನಾಟಕ ಇದಕ್ಕೂ ಮೊದಲೇ, 2016ರಲ್ಲಿ, ಇಂಥ ಪರೋಪಕಾರಿಗಳ ರಕ್ಷಣೆಗೆ ತನ್ನದೇ ಕಾಯ್ದೆ ಮಾಡಿತ್ತು. ಹೊರ ವರ್ತುಲ ರಸ್ತೆಯಲ್ಲಿ ಮಗುಚಿದ ಬಸ್ಸನ್ನು ಎತ್ತಿ ಹಿಡಿದು ಒಳಗಿದ್ದವರನ್ನು ಉಳಿಸುವ, ಯಾರೊಂದಿಗೂ ಕಾದಾಡದ ಹೀರೋಗೆ ಮುಖವಾಡವೇ ಸಾಕು, ಆತನಿಗೆ ಮುಂದಿನ ಮೂರು ದಾರಿಗಳ ಗೊಡವೆಯೇ ಬೇಕಿಲ್ಲ. ಈ ಬಗೆಯ ಹೀರೋಗಳ ಕಥೆಗಳು ಕಡಿಮೆ ಎಂಬುದು ಓದುಗನಾಗಿ ನನಗೆ ಬೇಸರದ ಸಂಗತಿ.

ಎರಡನೆಯ ದಾರಿ: ಕಂಪನಿ ಅಥವಾ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ)

ಸೀಮಿತ ಹೊಣೆಯ ಕಂಪನಿ ಮಾಡಿಕೊಂಡರೆ ಮನೆ, ಮಠ ಉಳಿಯುತ್ತದೆ ಎಂಬ ನಂಬಿಕೆ ಬೆಂಗಳೂರಿನ ಸ್ಟಾರ್ಟಪ್ ವಲಯದಲ್ಲಿ ಗಟ್ಟಿಯಾಗಿದೆ. ಸೂಪರ್‌ಹೀರೋ ವಿಷಯದಲ್ಲಿ ಅದು ಅರ್ಧಸತ್ಯ. ಸೀಮಿತ ಹೊಣೆ ಕಾಪಾಡುವುದು ಕಂಪನಿಯ ಸಾಲಕ್ಕೆ ಹೊಣೆಯಾಗಬಹುದಾಗಿದ್ದ ಷೇರುದಾರನನ್ನು. ಆಟೋ ಎಸೆದ ಕೈಯನ್ನು ಅದು ಕಾಪಾಡುವುದಿಲ್ಲ. 2008ರ ಎಲ್‌ಎಲ್‌ಪಿ ಕಾಯ್ದೆಯ 28ನೇ ಕಲಂ, ಪಾಲುದಾರನ ಸ್ವಂತ ತಪ್ಪು ಕೃತ್ಯಕ್ಕೆ ಆತನ ವೈಯಕ್ತಿಕ ಹೊಣೆ ಹಾಗೆಯೇ ಉಳಿಯುತ್ತದೆ ಎಂದು ಬಿಡಿಸಿ ಹೇಳಿದೆ. ಕಂಪನಿಯಲ್ಲೂ ತಪ್ಪು ಮಾಡಿದ ನೌಕರ ಮತ್ತು ಆತನನ್ನು ಕೆಲಸಕ್ಕೆ ಹಚ್ಚಿದ ಕಂಪನಿ ಇಬ್ಬರೂ ಒಟ್ಟಾಗಿ ಹೊಣೆಗಾರರು. ಆದ್ದರಿಂದ ಏಕವ್ಯಕ್ತಿ ಕಂಪನಿ ಮಾಡಿಕೊಂಡು ತಾನೇ ಅಖಾಡಕ್ಕಿಳಿಯುವ ಹೀರೋಗೆ ಆ ನೋಂದಣಿ ಪತ್ರದಿಂದ ಆಗುವ ಲಾಭ ತೀರಾ ಕಡಿಮೆ.

ಲಾಭ ಇರುವುದು ಇನ್ನೊಂದು ಬದಿಯಲ್ಲಿ. ಕಂಪನಿಗೆ ನೋಂದಾಯಿತ ಕಚೇರಿಯ ವಿಳಾಸವಿರುತ್ತದೆ, ವಾರ್ಷಿಕ ಲೆಕ್ಕಪತ್ರವಿರುತ್ತದೆ, ಅದು ತನ್ನ ಹೆಸರಿನಲ್ಲಿ ಸಾರ್ವಜನಿಕ ಹೊಣೆಯ ವಿಮೆ ಕೊಳ್ಳಬಲ್ಲದು. ನನ್ನ ಅಳತೆಗೋಲಿನ ಪ್ರಕಾರ ಇದು ದೊಡ್ಡ ಗುಣ.

ಶಕ್ತಿ ಮೈಯಿಂದ ಬಂದದ್ದೋ ಯಂತ್ರದಿಂದ ಬಂದದ್ದೋ ಎಂಬ ಭೇದ ಇಲ್ಲಿ ಬಹಳ ಮುಖ್ಯವಾಗುತ್ತದೆ. ಅಪಾಯಕಾರಿ ವಸ್ತುವನ್ನು ತನ್ನ ಜಾಗಕ್ಕೆ ತಂದು ಕೂಡಿಟ್ಟವನು, ಅದು ತಪ್ಪಿಸಿಕೊಂಡು ಮಾಡಿದ ಹಾನಿಗೆ, ತನ್ನ ತಪ್ಪಿಲ್ಲದಿದ್ದರೂ ಹೊಣೆ ಎಂಬ ತತ್ವವನ್ನು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1868ರಲ್ಲಿ, ಒಬ್ಬನ ಜಲಾಶಯದ ನೀರು ಇನ್ನೊಬ್ಬನ ಗಣಿಗೆ ನುಗ್ಗಿದ ಪ್ರಕರಣದಲ್ಲಿ ಎತ್ತಿಹಿಡಿಯಿತು. ನಮ್ಮ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. 1985ರ ಡಿಸೆಂಬರಿನಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿದ ನಂತರ, ಎಂ.ಸಿ. ಮೆಹ್ತಾ ಪ್ರಕರಣದಲ್ಲಿ, ಸ್ವಭಾವತಃ ಅಪಾಯಕಾರಿಯಾದ ಚಟುವಟಿಕೆ ನಡೆಸುವ ಉದ್ಯಮದ ಹೊಣೆ ಪರಿಪೂರ್ಣವಾದುದು, ಅದಕ್ಕೆ ಯಾವ ವಿನಾಯಿತಿಯೂ ಇಲ್ಲ ಎಂದಿತು. ಉದ್ಯಮ ದೊಡ್ಡದಾದಷ್ಟೂ ಪರಿಹಾರದ ಮೊತ್ತವೂ ದೊಡ್ಡದಾಗಬೇಕು ಎಂದೂ ಸೇರಿಸಿತು. ಹುಟ್ಟಿನಿಂದ ಬಂದ ತೋಳ್ಬಲವನ್ನು ಕೂಡಿಟ್ಟ ಅಪಾಯಕಾರಿ ವಸ್ತು ಎನ್ನಲು ಬರುವುದಿಲ್ಲ, ಅಲ್ಲಿ ನಿರ್ಲಕ್ಷ್ಯವನ್ನೇ ಸಾಬೀತು ಮಾಡಬೇಕಾದೀತು. ಆದರೆ ಪೀಣ್ಯದ ಷೆಡ್ಡಿನಲ್ಲಿ ಕ್ಷಿಪಣಿ ಹೊತ್ತ ಲೋಹದ ಕವಚವನ್ನು ತಯಾರಿಸಿ, ಅದನ್ನು ತೊಟ್ಟು ನಗರದ ಮೇಲೆ ಹಾರುವ ಕೋಟ್ಯಧಿಪತಿ ಉದ್ಯಮಿ ಈ ತೀರ್ಪಿನ ನೆರಳಿನಲ್ಲೇ ನಿಂತಿರುತ್ತಾನೆ. ದೇವರ ಇಚ್ಛೆ, ಮೂರನೆಯವರ ಕೈವಾಡ, ಖಳನಾಯಕನೇ ಕಾರಣ ಎಂಬ ಯಾವ ಸಬೂಬೂ ಆತನ ಕಂಪನಿಗೆ ದಕ್ಕದೆ ಹೋಗಬಹುದು.

ಹಣ ಪಡೆದು ಅಂಗಡಿಗಳನ್ನು ಕಾಯುವ ಹೀರೋಗೆ 2005ರ ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯ್ದೆಯೂ ಎದುರಾಗುತ್ತದೆ. ಪರವಾನಗಿಯಿಲ್ಲದೆ ಇಂಥ ಸಂಸ್ಥೆ ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 25,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಕಾವಲುಗಾರರ ಪೂರ್ವಾಪರ ಪರಿಶೀಲನೆ ಅಲ್ಲಿ ಕಡ್ಡಾಯವಾದ್ದರಿಂದ ಮುಖವಾಡ ಅಷ್ಟಕ್ಕೇ ಕಳಚುತ್ತದೆ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿಯೂ ಬೇಕು.

ಮೂರನೆಯ ದಾರಿ: ಟ್ರಸ್ಟ್

ಈ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಾನಿಗಳಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುವಂತೆ ಮಾಡಬಹುದು, ಜನರ ಭಾವನೆಗೂ ಅದು ಹತ್ತಿರ. ಆದರೆ ಟ್ರಸ್ಟ್ ಕಾನೂನಿನ ಕಣ್ಣಿನಲ್ಲಿ ಪ್ರತ್ಯೇಕ ವ್ಯಕ್ತಿಯಲ್ಲ, ದಾವೆ ಬೀಳುವುದು ಟ್ರಸ್ಟಿಗಳ ಹೆಸರಿನ ಮೇಲೆ. ಒಳ್ಳೆಯ ಮನಸ್ಸಿನಿಂದ ಸಹಿ ಹಾಕಿದ ನಿವೃತ್ತ ಮೇಷ್ಟ್ರು ಅಥವಾ ಬಡಾವಣೆಯ ಹಿರಿಯರೊಬ್ಬರು, ಆಟೋ ಎಸೆದವನ ಪಕ್ಕದಲ್ಲಿ ಪ್ರತಿವಾದಿಯಾಗಿ ನಿಲ್ಲುವುದು ನನಗೆ ಸರಿಯೆನಿಸುವುದಿಲ್ಲ. ದತ್ತಿಯ ಉದ್ದೇಶವೇ ಮುಖ್ಯವೆನ್ನುವವರು ಕಂಪನಿ ಕಾಯ್ದೆಯ 8ನೇ ಕಲಂ ಅಡಿಯಲ್ಲಿ ಲಾಭರಹಿತ ಕಂಪನಿ ಮಾಡಿಕೊಳ್ಳುವುದು ಮೇಲು. ಅದು ಪ್ರತ್ಯೇಕ ವ್ಯಕ್ತಿಯೂ ಹೌದು, ಅದಕ್ಕೂ ಈ ತೆರಿಗೆ ಸೌಲಭ್ಯ ಸಿಗಬಲ್ಲದು.

ನಾಲ್ಕನೆಯ ದಾರಿ: ಸರ್ಕಾರಿ ನೇಮಕ

ವಿಧಾನಸೌಧದಿಂದ ನೇಮಕದ ಆದೇಶ ಪಡೆದ ಹೀರೋ ಎಲ್ಲರಿಗಿಂತ ಸುರಕ್ಷಿತ ಎಂದು ತೋರುತ್ತದೆ, ಮತ್ತು ಆತನ ಮಟ್ಟಿಗೆ ಅದು ಬಹುಪಾಲು ನಿಜ. ಸರ್ಕಾರದ ಅನುಮತಿಯಿಲ್ಲದೆ ತೆಗೆದುಹಾಕಲಾಗದ ಹುದ್ದೆಯಾಗಿದ್ದರೆ, ಕರ್ತವ್ಯದಲ್ಲಿ ಮಾಡಿದ ಕೃತ್ಯಕ್ಕೆ ಮೊಕದ್ದಮೆ ನಡೆಸಲು ಸುರಕ್ಷಾ ಸಂಹಿತೆಯ 218ನೇ ಕಲಂ ಪ್ರಕಾರ ಪೂರ್ವಾನುಮತಿ ಬೇಕು. ಸರ್ಕಾರ 120 ದಿನಗಳಲ್ಲಿ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಿದಂತೆಯೇ ಎಂಬ ಹೊಸ ನಿಯಮ ಈಗ ಸೇರಿದೆ.

ಪುಸ್ತಕದ ಅಂಗಡಿಯವರ ಪಾಲಿಗೆ ಚಿತ್ರ ಅಷ್ಟು ತಿಳಿಯಾಗಿಲ್ಲ. ಉದಯಪುರದಲ್ಲಿ ಸರ್ಕಾರಿ ಜೀಪಿನ ಚಾಲಕನ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದಾಗ, 1962ರ ವಿದ್ಯಾವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನ ಸರ್ಕಾರವನ್ನೇ ಹೊಣೆ ಮಾಡಿತು. ಮೂರೇ ವರ್ಷಗಳಲ್ಲಿ, 1965ರ ಕಸ್ತೂರಿ ಲಾಲ್ ಪ್ರಕರಣದಲ್ಲಿ, ಮೀರತ್ ಪೊಲೀಸರು ವ್ಯಾಪಾರಿಯಿಂದ ವಶಪಡಿಸಿಕೊಂಡ ಚಿನ್ನವನ್ನು ಹೆಡ್ ಕಾನ್‌ಸ್ಟೇಬಲ್ ಕದ್ದು ಪಾಕಿಸ್ತಾನಕ್ಕೆ ಓಡಿಹೋಗಿದ್ದರೂ, ಬಂಧನ ಮತ್ತು ಜಪ್ತಿ ಸಾರ್ವಭೌಮ ಅಧಿಕಾರದ ಕೆಲಸಗಳೆಂಬ ಕಾರಣಕ್ಕೆ ಸರ್ಕಾರ ಹೊಣೆಯಲ್ಲ ಎಂದಿತು. 1994ರ ನಾಗೇಂದ್ರ ರಾವ್ ತೀರ್ಪು ಆ ವಿನಾಯಿತಿಯನ್ನು ಬಹಳಷ್ಟು ಕಿರಿದುಗೊಳಿಸಿದೆ, ಜೀವದ ಹಕ್ಕಿಗೆ ಧಕ್ಕೆಯಾದಾಗ ರಿಟ್ ಅರ್ಜಿಯಲ್ಲೇ ಪರಿಹಾರ ಕೊಡಬಹುದೆಂದು 1993ರ ನೀಲಬತಿ ಬೆಹೆರಾ ತೀರ್ಪು ಹೇಳಿದೆ. ಹಾಗಿದ್ದರೂ ಕಳ್ಳರನ್ನು ಹಿಡಿಯುವುದು ಅಪ್ಪಟ ಪೊಲೀಸ್ ಕೆಲಸವಾದ್ದರಿಂದ, ಸರ್ಕಾರಿ ವಕೀಲರು ಕಸ್ತೂರಿ ಲಾಲ್ ತೀರ್ಪನ್ನು ಹಿಡಿದು ವಾದಿಸುವುದನ್ನು ನಿರೀಕ್ಷಿಸಲೇಬೇಕು. ಮುರಿದ ಷಟರಿಗಾಗಿ ಒಬ್ಬ ಅಂಗಡಿಯವರು ವರ್ಷಗಟ್ಟಲೆ ಆ ವಾದವನ್ನು ಎದುರಿಸಬೇಕೇ?

ಸರ್ಕಾರ ಯಾರನ್ನು ಬೇಕಾದರೂ ನೇಮಿಸುವಂತಿಲ್ಲ ಎಂಬುದೂ ತಿಳಿದಿರಬೇಕು. ಸಾಕಷ್ಟು ಶಿಕ್ಷಣ, ತರಬೇತಿ ಇಲ್ಲದ ಬುಡಕಟ್ಟು ಯುವಕರನ್ನು ವಿಶೇಷ ಪೊಲೀಸ್ ಅಧಿಕಾರಿಗಳನ್ನಾಗಿ ಮಾಡಿ ಕಾಳಗಕ್ಕೆ ಇಳಿಸಿದ ಛತ್ತೀಸ್‌ಗಢ ಸರ್ಕಾರದ ಕ್ರಮವನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಸಂವಿಧಾನಬಾಹಿರ ಎಂದಿತು. ಹದಿಹರೆಯದ ಸಹಾಯಕನನ್ನು ಜೊತೆಗಿಟ್ಟುಕೊಳ್ಳುವ ಕಾಮಿಕ್ಸ್‌ನ ಹಳೆಯ ರೂಢಿಗೆ ಸರ್ಕಾರಿ ಆದೇಶದಲ್ಲಿ ಜಾಗವಿರಲಾರದು.

ಇನ್ನೊಂದು ವ್ಯತ್ಯಾಸವನ್ನು ನೇಮಕಕ್ಕೆ ಸಹಿ ಹಾಕುವ ಮುನ್ನ ಹೀರೋ ಯೋಚಿಸಬೇಕು. ಮುಳುಗುತ್ತಿರುವ ಅಪರಿಚಿತನನ್ನು ರಕ್ಷಿಸಲೇಬೇಕೆಂಬ ಸಾಮಾನ್ಯ ಕರ್ತವ್ಯವನ್ನು ನಮ್ಮ ಕಾನೂನು ಖಾಸಗಿ ವ್ಯಕ್ತಿಯ ಮೇಲೆ ಹೇರಿಲ್ಲ. ಆತ ಬಾರದಿದ್ದುದಕ್ಕೆ ಯಾರೂ ದಾವೆ ಹೂಡಲಾರರು. ಸಂಬಳ ಪಡೆಯುವ ನೌಕರನಾದ ದಿನದಿಂದ, ಬಾರದಿದ್ದುದೂ ಕರ್ತವ್ಯಲೋಪವಾಗುತ್ತದೆ.

ವಿಮೆ, ಮತ್ತು ನನ್ನ ಆಯ್ಕೆ

ಉದ್ದೇಶಪೂರ್ವಕ ಕೃತ್ಯಕ್ಕೆ ಹೊಣೆಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಆಟೋ ಎಸೆದದ್ದು ಉದ್ದೇಶಪೂರ್ವಕ, ಷಟರ್ ಮುರಿದದ್ದು ಉದ್ದೇಶಪೂರ್ವಕವಲ್ಲ. ಪಾಲಿಸಿಯ ಭಾಷೆ ಈ ಎರಡನ್ನು ಬೇರ್ಪಡಿಸಿ ಬರೆದಿದೆಯೇ ಎಂಬುದನ್ನು ಕೊಳ್ಳುವ ಮೊದಲೇ ನೋಡಬೇಕು. ಬೆಸ್ಕಾಂ ಟ್ರಾನ್ಸ್‌ಫಾರ್ಮರ್ ವಿಷಯದಲ್ಲೂ ಈ ಭೇದವೇ ಹೀರೋನನ್ನು ಕಾಯುತ್ತದೆ, ಏಕೆಂದರೆ 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆಯಡಿ ವಿದ್ಯುತ್ ಪೂರೈಕೆಯ ಸ್ಥಾವರಕ್ಕೆ ಹಾನಿ ಮಾಡಿದವರಿಗೆ ಆರು ತಿಂಗಳಿಂದ ಐದು ವರ್ಷದವರೆಗೆ ಕಠಿಣ ಶಿಕ್ಷೆಯಿದ್ದರೂ, ಅದಕ್ಕೆ ಉದ್ದೇಶ ಅಥವಾ ತಿಳಿವಳಿಕೆ ಸಾಬೀತಾಗಬೇಕು.

ಹೀಗಾಗಿ ನನ್ನ ಸಲಹೆ ಹೀರೋನ ಬಗೆಯನ್ನು ಅನುಸರಿಸಿ ಬದಲಾಗುತ್ತದೆ. ಅಪಘಾತ, ನೆರೆ, ಬೆಂಕಿಯಲ್ಲಿ ಜನರನ್ನು ಎತ್ತಿ ಹೊರತರುವುದಷ್ಟೇ ಕೆಲಸವಾದರೆ ಒಂಟಿಯಾಗಿರಲಿ. ಯಂತ್ರ, ಕವಚ, ಸ್ಫೋಟಕಗಳಿಂದ ಶಕ್ತಿ ಪಡೆದವರಿಗೆ ಕಂಪನಿಯೊಂದೇ ದಾರಿ, ಅದೂ ಪರಿಪೂರ್ಣ ಹೊಣೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿದ ವಿಮೆಯೊಂದಿಗೆ. ಮೈಬಲದಿಂದ ಅಪರಾಧಿಗಳೊಂದಿಗೆ ಸೆಣಸುವವರಿಗೆ, ಇಂದಿನ ಕಾನೂನಿನ ಸ್ಥಿತಿಯಲ್ಲಿ, 8ನೇ ಕಲಮಿನ ಕಂಪನಿ ಮತ್ತು ಸಾರ್ವಜನಿಕ ಹೊಣೆಯ ಪಾಲಿಸಿಯನ್ನು ಸರ್ಕಾರಿ ನೇಮಕಕ್ಕಿಂತ ಮೇಲೆ ಇಡುತ್ತೇನೆ. ಸರ್ಕಾರ ತನ್ನ ಸಾರ್ವಭೌಮ ವಿನಾಯಿತಿಯನ್ನು ಬಿಟ್ಟುಕೊಡುವ ಕಾಯ್ದೆಯೊಂದನ್ನು ಮಾಡಿದ ದಿನ ಈ ಕ್ರಮವನ್ನು ತಿರುಗಿಸಬಹುದು. ಅದಕ್ಕೆ ಮಾದರಿ ಕಣ್ಣೆದುರೇ ಇದೆ: ಅಪಾಯಕಾರಿ ವಸ್ತುಗಳನ್ನು ನಿರ್ವಹಿಸುವವರು ವಿಮೆ ಮಾಡಿಸಲೇಬೇಕು, ಗಾಯಗೊಂಡವರು ಯಾರ ತಪ್ಪನ್ನೂ ಸಾಬೀತುಪಡಿಸದೆ ಜಿಲ್ಲಾಧಿಕಾರಿಗೆ ಅರ್ಜಿ ಕೊಟ್ಟು ತಕ್ಷಣದ ಪರಿಹಾರ ಪಡೆಯಬಹುದು ಎನ್ನುವ 1991ರ ಸಾರ್ವಜನಿಕ ಹೊಣೆ ವಿಮಾ ಕಾಯ್ದೆ. ಇದೇ ವ್ಯವಸ್ಥೆ ಹೀರೋಗಳಿಗೂ ಬಂದರೆ, ಕಾಲು ಮುರಿದ ಆ ಮಹಿಳೆ ವಕೀಲರನ್ನು ಹುಡುಕುವ ಬದಲು ಕೆಂಪೇಗೌಡ ರಸ್ತೆಯ ಕಂದಾಯ ಭವನಕ್ಕೆ ಒಂದು ಅರ್ಜಿ ಕಳುಹಿಸಿದರೆ ಸಾಕಾಗುತ್ತದೆ.

ಅಲ್ಲಿಯವರೆಗೆ ಹೀರೋ ಮಾಡಬಹುದಾದ ಕೆಲಸವೊಂದಿದೆ. ವಿಮೆಯ ಒಪ್ಪಂದ ಪರಮ ವಿಶ್ವಾಸದ ಮೇಲೆ ನಿಂತದ್ದು. ಮುಖ್ಯ ಸಂಗತಿಯನ್ನು ಮುಚ್ಚಿಟ್ಟರೆ ಪಾಲಿಸಿ ರದ್ದಾಗುತ್ತದೆ. ಆದ್ದರಿಂದ ಪ್ರಸ್ತಾವನಾ ಪತ್ರದಲ್ಲಿ ಆತ ತನ್ನ ನಿಜವಾದ ಹೆಸರು, ಮನೆಯ ವಿಳಾಸ, ಎಷ್ಟು ಭಾರ ಎತ್ತಬಲ್ಲೆ, ಎಷ್ಟು ದೂರ ಎಸೆಯಬಲ್ಲೆ ಎಂಬುದನ್ನು ಯಥಾವತ್ತಾಗಿ ಬರೆಯಬೇಕು. ಬೀದಿಯಲ್ಲಿ ಮುಖವಾಡ ಇರಲಿ, ವಿಮಾ ಕಂಪನಿಯ ಕಡತದಲ್ಲಿ ಅದು ಬೇಡ. ಪಾಲಿಸಿಯ ಸಂಖ್ಯೆ ಮತ್ತು ಕಂಪನಿಯ ಹೆಸರಿರುವ ಒಂದು ಹಾಳೆಯನ್ನು ಹಲಸೂರು ಗೇಟ್ ಪೊಲೀಸ್ ಠಾಣೆಗೆ ಮೊದಲೇ ಕೊಟ್ಟಿರಲಿ, ಮರುದಿನ ಬೆಳಿಗ್ಗೆ ಪುಸ್ತಕದ ಅಂಗಡಿಯವರು ದೂರು ಬರೆಸಲು ಬಂದಾಗ ಅದರ ಪ್ರತಿ ಅವರ ಕೈಗೆ ಸಿಗುವಂತೆ.